ಉಳಿಸಿಹೋದ ಮೂರನೇ ಮುತ್ತು

"ಊರಿನವರಾ, ಹೊರಗಿನವರಾ?"

ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದ ರೆಮಿ ತಲೆ ಎತ್ತದೆಯೇ ಕೇಳಿದ.

ಎಸ್ತೆಲ್ ಕಿಟಕಿಯ ಹತ್ತಿರಕ್ಕೆ ಬಗ್ಗಿದಳು. ಹನ್ನೆರಡು ವರ್ಷದ ನಂತರ ಕೇಳಿದ ದನಿ... ಸ್ವಲ್ಪ ಒರಟಾಗಿತ್ತು, ಆದರೆ ಅದೇ ದನಿ.

ಅವನು ತಲೆ ಎತ್ತಿದ. ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಗುರುತು ಸಿಕ್ಕಿತು, ಖಂಡಿತ ಸಿಕ್ಕಿತು! ಈಗ ನಗುತ್ತಾನೆ, ಎದ್ದು ಬರುತ್ತಾನೆ ಎಂದುಕೊಂಡಳು.

ಅವನು ಹೊರಗಿನವರ ಟಿಕೆಟ್ ಒಂದನ್ನು ಕಿತ್ತು ಅವಳ ಮುಂದಿಟ್ಟ.

ದಕ್ಷಿಣ ಫ್ರಾನ್ಸಿನ ನಮ್ಮೂರಿನ ರೋಮನ್ ಕಾಲದ ಪಾಳುಗೋಡೆ ನೋಡಲು ಊರಿನವರಿಗೆ ಟಿಕೆಟ್ ಇಲ್ಲ. ನಾವೆಲ್ಲ ಆ ಕಲ್ಲುಗಳ ಮೇಲೆ ಕೂತು ಏಪ್ರಿಕಾಟ್ ತಿಂದು, ಬೀಜ ಉಗುಳಿ ಬೆಳೆದವರು. ಎಸ್ತೆಲ್ ಹುಟ್ಟಿದ್ದೇ ನದಿಯಾಚೆಯ ಗುಡ್ಡದ ಹಳೇಪೇಟೆಯಲ್ಲಿ, ಗಡಿಯಾರದ ಗೋಪುರದ ಪಕ್ಕ. ಅಂಥವಳಿಗೆ ಟಿಕೆಟ್ ಕೊಟ್ಟನಲ್ಲ ಪುಣ್ಯಾತ್ಮ! ಕೆನ್ನೆಗೆ ಬಾರಿಸಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಟಿಕೆಟ್ ತೆಗೆದುಕೊಂಡು ಒಳಗೆ ಹೋದಳು. ಕಾಲು ತಾನಾಗಿ ಅವಳನ್ನು ನವಿಲಿನ ನೆಲದ ಹತ್ತಿರ ಕರೆದೊಯ್ದಿತು. ಯಾವುದೋ ರೋಮನ್ ಶ್ರೀಮಂತ ಬಣ್ಣದ ಹರಳುಕಲ್ಲು ಜೋಡಿಸಿ, ನವಿಲಿನ ಚಿತ್ರ ಮೂಡಿಸಿ ಮಾಡಿಸಿದ್ದ ಊಟದ ಮನೆಯ ನೆಲ ಅದು.

ಇಪ್ಪತ್ತರ ಆಸುಪಾಸಿನಲ್ಲಿ ನಾಲ್ಕು ಬೇಸಿಗೆ ರಜೆಯ ಕೆಲಸಕ್ಕೆ ಸೇರಿ ಇಬ್ಬರೂ ಇಲ್ಲೇ ಮಂಡಿಯೂರಿ, ಹಲ್ಲುಜ್ಜುವ ಬ್ರಷ್ಷಿನಿಂದ ಆ ನವಿಲನ್ನು ಉಜ್ಜಿದ್ದರು. ಬಿಸಿಲು ಏರಿದರೆ ರೆಮಿ ತನ್ನ ಹುಲ್ಲಿನ ಟೋಪಿ ಅವಳ ತಲೆಗಿಡುತ್ತಿದ್ದ. ಒಂದೇ ಬ್ರೆಡ್ಡು ಮುರಿದು, ಆಲಿವ್ ಹಂಚಿಕೊಂಡು ತಿನ್ನುತ್ತಿದ್ದರು. ಪ್ರೀತಿ ಎಂಬ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ. ಅವಸರವೇನು ಎಂದುಕೊಂಡಿದ್ದರು, ದಡ್ಡರು!

ಹರಳಿನ ನೆಲ ರಿಪೇರಿ ಮಾಡುವ ಕೆಲಸ ಕಲಿಯಲು ಎಸ್ತೆಲ್ ಉತ್ತರದ ಲಿಲ್ ಪಟ್ಟಣಕ್ಕೆ ಹೋದಳು. ಎರಡೇ ವರ್ಷದ ಮಾತು. ಆದರೆ ಅವಳ ಮೊದಲೆರಡು ಕಾಗದಕ್ಕೆ ರೆಮಿಯಿಂದ ಉತ್ತರವೇ ಬರಲಿಲ್ಲ. ಮೂರನೆಯದಕ್ಕೆ ನಾಲ್ಕು ಸಾಲು ಬಂತು, ನಾಲ್ಕೂ ಗಾಳಿ ಮಳೆಯ ಬಗ್ಗೆ. ಬೇರೆ ಯಾರೋ ಸಿಕ್ಕಿರಬೇಕು ಎಂದು ಅವಳೂ ಬಿಗುಮಾನದಿಂದ ಬರೆಯುವುದು ಬಿಟ್ಟು, ತಾತ್ಕಾಲಿಕ ಕೆಲಸ ಹಿಡಿದು ಅಲ್ಲೇ ಉಳಿದಳು.

ಈಗ ಲಿಲ್‌ನಲ್ಲಿ ಕಾಯಂ ಕೆಲಸಕ್ಕೆ ಕರೆದಿದ್ದರು. ನಾಳೆಯೊಳಗೆ ಉತ್ತರ ಹೇಳಬೇಕಿತ್ತು. ಈ ನೆಲಗಳನ್ನು ನೋಡಿಕೊಳ್ಳಲು ನೀನೇ ಬಾ ಎಂದು ನಮ್ಮೂರ ಮೇಯರಮ್ಮನೂ ಎರಡು ಸಲ ಹೇಳಿ ಕಳಿಸಿದ್ದರು.

ಅವನ ಮನಸ್ಸಿನಲ್ಲಿ ನನಗಿನ್ನೂ ಜಾಗ ಇದೆಯಾ... ಅಷ್ಟು ತಿಳಿಯಲೆಂದೇ ಅವಳು ಬಂದಿದ್ದಳು. ನೆಲದ ಅಂಚಿನ ಕಲ್ಲಿನ ಮೇಲೆ ಕೂತು ಟಿಕೆಟ್ ನೋಡಿಕೊಂಡಳು. ಇದೇ ಉತ್ತರ ಇರಬೇಕು. ನಾಲ್ಕು ಗಂಟೆಗೆ ವಾಪಸ್ ಬಸ್ಸಿತ್ತು.

ಹಿಂದೆ ಹೆಜ್ಜೆ ಸಪ್ಪಳವಾಯಿತು.

"ಹನ್ನೆರಡು ಗಂಟೆ ಆಯ್ತು," ಎಂದ ರೆಮಿ. "ಊಟಕ್ಕೆ ಬಾಗಿಲು ಹಾಕ್ಬೇಕು."

ಅವಳು ಏಳಲಿಲ್ಲ.

"ನನ್ನನ್ಯಾಕೆ ಹೊರಗಿನವಳನ್ನಾಗಿ ಮಾಡ್ದೆ, ರೆಮಿ?"

"ನಾನು ಮಾಡಿದ್ನಾ?" ಹನ್ನೆರಡು ವರ್ಷದ ಸಿಟ್ಟೆಲ್ಲ ಒಮ್ಮೆಗೇ ಬಂತು. "ನೀನೇ ಆಗಿ ಹೋದೆ. ಬಸ್ ಹತ್ತೋವಾಗ ಎರಡೇ ಮುತ್ತು ಕೊಟ್ಟೆ. ಮೂರನೇದಕ್ಕೆ ನಾನು ಮುಖ ಮುಂದೆ ಮಾಡ್ಕೊಂಡು ಪೆದ್ದನ ಥರ ನಿಂತಿದ್ದೆ... ನೀನು ತಿರುಗಿ ಹತ್ತಿಬಿಟ್ಟೆ."

ನಮ್ಮಲ್ಲಿ ಸಿಕ್ಕಾಗಲೂ ಅಗಲುವಾಗಲೂ ಕೆನ್ನೆಗೆ ಮೂರು ಮುತ್ತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಬ್ರೆಡ್ಡಿನಂಗಡಿಯವಳಿಗೂ ಮೂರೇ, ನೋಡಿದರೆ ಆಗದ ಅತ್ತಿಗೆಗೂ ಮೂರೇ. ಎರಡಕ್ಕೆ ಮುಗಿಸುವವರು ಪ್ಯಾರಿಸ್ಸಿನವರು. ಊರು ಬಿಡುವ ಮೊದಲೇ ಪರಕೀಯಳಾದಳಲ್ಲ ಎಂದು ಅವನು ಅವತ್ತೇ ಸೋತು ಕೂತಿದ್ದ.

ಎಸ್ತೆಲ್‌ಗೆ ನಗು ಬಂತು. ನಗುತ್ತಿದ್ದಂತೆಯೇ ಕಣ್ಣು ತುಂಬಿತು.

"ನಮ್ಮಜ್ಜ ಯುದ್ಧಕ್ಕೆ ಹೊರಟಾಗ ಅಜ್ಜಿ ಎರಡೇ ಕೊಟ್ಟಿದ್ದಳಂತೆ. ಮೂರನೇದು ಬೇಕಿದ್ರೆ ಬದುಕಿ ಬಾ ಅಂತ. ಅಜ್ಜ ಬಂದ. ಅವತ್ತಿಂದ ನಮ್ಮನೇಲಿ ಯಾರು ಹೊರಟ್ರೂ, ವಾಪಸ್ ಬರೋದಿದ್ರೆ ಒಂದು ಉಳಿಸ್ತೀವಿ. ನಿನ್ನ ಹತ್ರ ಬಂದೇ ಬರ್ತೀನಿ ಅಂತ ಉಳಿಸಿ ಹೋಗಿದ್ದೆ ಕಣೋ..."

ರೆಮಿ ಬಂದು ಅವಳ ಪಕ್ಕದ ಕಲ್ಲಿನ ಮೇಲೆ ಕೂತ.

"ನನಗೆ ಹೇಳಿರ್ಲಿಲ್ಲ ನೀನು."

"ನೀನು ಕೇಳ್ಲೂ ಇಲ್ಲ."

ಎಸ್ತೆಲ್ ಬಗ್ಗಿ ನವಿಲನ್ನು ನೋಡಿದಳು. ಅವಳು ಉಜ್ಜುತ್ತಿದ್ದ ಮೂಲೆಯಲ್ಲಿ ಒಂದು ಕಣ ಧೂಳೂ ಇರಲಿಲ್ಲ. ಪ್ರತಿ ಸೋಮವಾರ ಅದನ್ನು ತಾನೇ ಉಜ್ಜುತ್ತೇನೆ, ಬೇರೆಯವರಿಗೆ ಬಿಡುವುದಿಲ್ಲ ಎಂದು ಅವನು ತಪ್ಪೊಪ್ಪಿಕೊಳ್ಳುವವನಂತೆ ಹೇಳಿದ. ಹನ್ನೆರಡು ವರ್ಷ ಹೋಯಿತಲ್ಲ ಎಂದು ಅವಳು ಬಿಕ್ಕಿದಳು.

"ಹೋಗ್ಬೇಡ, ಎಸ್ತೆಲ್," ಎಂದ ಅವನು. "ಅವತ್ತೇ ಹೇಳ್ಬೇಕಿತ್ತು. ನಿನ್ನ ಬಿಟ್ರೆ ನಂಗೆ ಯಾರೂ ಬೇಡ."

ಅವಳು ಕಣ್ಣೊರೆಸಿಕೊಂಡು ಹತ್ತಿರ ಸರಿದಳು. ಅವನ ಎಡಗೆನ್ನೆಗೆ, ನಿಧಾನವಾಗಿ, ಮೂರನೆಯದನ್ನು ಕೊಟ್ಟಳು.

ಅವನು ಕಣ್ಣು ಮುಚ್ಚಿಕೊಂಡೇ ಕೈ ಚಾಚಿದ.

"ಆ ಟಿಕೆಟ್ ಇಲ್ಲಿ ಕೊಡು."

"ಯಾಕೆ?"

"ಹರಿದು ಹಾಕೋಕೆ. ಊರಿನವರಿಗೆ ಟಿಕೆಟ್ ಇಲ್ಲ."