ಉಸಿರಿನ ಮೇಲೆ ಟಾರ್ಗೆಟ್

ಸಿಂಚನಳ ಮಣಿಕಟ್ಟಿನ ಪಟ್ಟಿ ಕೆಂಪಾಯಿತು. ಹೊಲಿಗೆ ಯಂತ್ರ ತಾನಾಗಿಯೇ ನಿಂತಿತು. ಅರ್ಧ ಹೊಲಿದ ಕಾಲರನ್ನು ಹಾಗೇ ಬಿಟ್ಟು ಅವಳು ಹತ್ತು ನಿಮಿಷ ಬೆನ್ನು ಒರಗಿಸಿದಳು. ಸೂಪರ್‌ವೈಸರ್ ಬೈಯದೆ ಮುಂದಕ್ಕೆ ಹೋದ. ೨೦೫೬ರಲ್ಲಿ, ಮದ್ದೂರಿನ ಆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ, ಇದು ಪವಾಡವೇ.

ಪಟ್ಟಿಯನ್ನು ಕಂಡುಹಿಡಿದವಳು ಡಾ. ರಕ್ಷಿತಾ. ಅವಳ ತಾಯಿ ಸಿಂಚನಳ ಪಕ್ಕದ ಯಂತ್ರದಲ್ಲೇ ಹದಿನೆಂಟು ವರ್ಷ ತೋಳು ಹೊಲಿದವಳು. ಚರ್ಮದ ಮೇಲೆ ಬೆಳಕು ಹಾಯಿಸಿ ನಾಡಿಯ ಅಲೆಯನ್ನು ಹಿಡಿಯುವ ಸಂವೇದಕ ಆ ಪಟ್ಟಿಯೊಳಗಿತ್ತು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಸದಾ ಚೂರು ಏರುಪೇರಾಗುತ್ತಿದ್ದರೆ ದೇಹ ನೆಮ್ಮದಿಯಾಗಿದೆ ಎಂದರ್ಥ. ದಣಿದ ಇಲ್ಲವೇ ಅಂಜಿದ ಹೃದಯ ಗಡಿಯಾರದಂತೆ ಒಂದೇ ಸಮ ಬಡಿಯುತ್ತದೆ ಎಂದು ಅವಳು ವಿವರಿಸಿದ್ದಳು. ನೆಮ್ಮದಿಯಿದ್ದಾಗ ಪಟ್ಟಿ ಹಸಿರು, ದಣಿದರೆ ಕೆಂಪು, ಕೆಂಪಾದರೆ ಹತ್ತು ನಿಮಿಷ ವಿರಾಮ. ಹೆಂಗಸರು ಹಿಂದೆಮುಂದೆ ನೋಡಿದಾಗ, ನಮ್ಮ ಹುಡುಗಿ ಮೋಸ ಮಾಡುವವಳಲ್ಲ ಎಂದು ಅರವತ್ತು ಕೈಗಳಿಗೂ ಪಟ್ಟಿ ಕಟ್ಟಿಸಿದವಳು ಸಿಂಚನ.

ಯಂತ್ರದ ಮುಂದೆ ಹಾಡಿಕೊಳ್ಳುವುದು ಆ ಸಾಲಿನವರ ಹಳೆಯ ರೂಢಿ. ಒಬ್ಬಳು ಎತ್ತಿಕೊಂಡರೆ ಉಳಿದವರು ಉದ್ದಕ್ಕೆ ಎಳೆಯುವರು. ಗಲಾಟೆಯೆಂದು ಸೂಪರ್‌ವೈಸರ್ ಅದನ್ನು ನಿಲ್ಲಿಸಿದ್ದ. ಹಾಡುವಾಗ ಉಸಿರನ್ನು ನಿಧಾನವಾಗಿ ಬಿಟ್ಟಷ್ಟೂ ನಾಡಿಯ ಆ ಏರುಪೇರು ಹೆಚ್ಚುತ್ತದೆಂದು ರಕ್ಷಿತಾ ಮತ್ತೆ ಅನುಮತಿ ಕೊಡಿಸಿದಳು. ಹಾಡಿದರು. ಇಡೀ ವಾರ ಪಟ್ಟಿಗಳೆಲ್ಲ ಹಸಿರು.

ಸೋಮವಾರ ಬಂದು ನೋಡಿದರೆ, ಗಂಟೆಗೆ ತೊಂಬತ್ತು ಕಾಲರಿದ್ದ ಟಾರ್ಗೆಟ್ ನೂರಿಪ್ಪತ್ತಾಗಿತ್ತು. ಹಸಿರೆಂದರೆ ಮೈಯಲ್ಲಿ ಇನ್ನೂ ಕಸುವು ಉಳಿದಿದೆ ಎಂದು ಕಂಪನಿ ಅರ್ಥ ಮಾಡಿಕೊಂಡಿತ್ತು. ನೋಟಿಸಿನಡಿ ರಕ್ಷಿತಾಳ ಸಹಿ.

“ನಿನ್ನ ಹುಡುಗಿ ಚೆನ್ನಾಗೇ ಅಳೆದವ್ಳೆ, ಸಿಂಚನಕ್ಕ,” ಎಂದಳು ಪಕ್ಕದವಳು.

ಸಿಂಚನ ರಕ್ಷಿತಾಳನ್ನು ಕ್ಯಾಂಟೀನಿನಲ್ಲಿ ಹಿಡಿದು ನಿಲ್ಲಿಸಿದಳು. ಅಂಕಿಗಳು ಸರಿಯಾಗಿವೆ ಎಂದಷ್ಟೇ ತಾನು ಬರೆದುಕೊಟ್ಟದ್ದು ಎಂದಳು ರಕ್ಷಿತಾ.

“ಸಹಿ ಹಾಕ್ದಿದ್ರೆ ಪಟ್ಟಿನೇ ಕಿತ್ತಾಕ್ತಿದ್ರು ಅಕ್ಕ. ಹತ್ತು ನಿಮಿಷನಾದ್ರೂ ಉಳೀಲಿ ಅಂತ.”

“ನಿಮ್ಮವ್ವ ಯಂತ್ರದ ಮೇಲೇ ಕುಸಿದುಬಿದ್ಲು. ಎತ್ತಿದೋಳು ನಾನು. ಆಗ ಟಾರ್ಗೆಟ್ಟು ಎಪ್ಪತ್ತು ಕಣವ್ವ,” ಎಂದಳು ಸಿಂಚನ.

ಆ ಮಧ್ಯಾಹ್ನ ಯಾರೂ ಹಾಡಲಿಲ್ಲ. ಒಂದೊಂದೇ ಪಟ್ಟಿ ಕೆಂಪಾಗಿ, ಸಾಲೆಲ್ಲ ಸ್ತಬ್ಧವಾಯಿತು. ಸಂಜೆಯ ಆದೇಶದಲ್ಲಿ ಹಾಡು ಕಡ್ಡಾಯವಾಗಿತ್ತು, ಹಾಡದವರಿಗೆ ವಿರಾಮವಿಲ್ಲ.

ಮಂಗಳವಾರ ಸಿಂಚನ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಕುಳಿತುಬಿಟ್ಟಳು. ಉಳಿದವರೂ ಕುಳಿತರು. ಯಾರ ನಾಡಿ ಮೊದಲು ಅಂಜಿತು, ಯಾರದು ಕೊನೆಯವರೆಗೂ ಅಂಜಲಿಲ್ಲ ಎಂಬುದನ್ನು ಪಟ್ಟಿಗಳು ಸದ್ದಿಲ್ಲದೆ ಮೇಲಕ್ಕೆ ತಲುಪಿಸುತ್ತಿದ್ದವು. ಮರುದಿನ ಕಂಪನಿ ಯಾರನ್ನು ಮೊದಲು ಕರೆಸಿ ಹೆದರಿಸಬೇಕೆಂದು ತಿಳಿದೇ ಕರೆಸಿತು. ಹದಿಮೂರು ಹೆಂಗಸರು ತಲೆ ತಗ್ಗಿಸಿ ಹಿಂದಿರುಗಿ, ಸಿಂಚನಳ ಮುಖ ನೋಡದೆ ಹಾಡಲು ಕುಳಿತರು. ಅವರ ದನಿ ಕೇಳುತ್ತ ಅವಳು ತನ್ನ ಪಟ್ಟಿಯನ್ನು ಬಿಚ್ಚಿ ನೆಲಕ್ಕೆಸೆದಳು.

ಇಂದು ನಮ್ಮ ನಿಮ್ಮ ಮಣಿಕಟ್ಟುಗಳಲ್ಲಿ ಮಿಣುಕುವ ಪಟ್ಟಿಗಳನ್ನು ನಾವೇ ಇಷ್ಟಪಟ್ಟು ಕಟ್ಟಿಕೊಂಡಿದ್ದೇವೆ. ಅವು ಯಾರಿಗೆ ವರದಿ ಒಪ್ಪಿಸುತ್ತಿವೆ ಎಂದು ಕೇಳಲು ಇನ್ನೂ ಹೊತ್ತು ಮೀರಿಲ್ಲ.