ಹೆಸರು ಹೊತ್ತ ಕಂಬ

"ಹೊಸ ಕಂಬ ಇಳಿಸಿ, ಬೇಡ ಅನ್ನಲ್ಲ. ಆದ್ರೆ ಅದರ ಮೇಲೆ ಯಾರ ಹೆಸರೂ ಕೆತ್ತಬೇಡಿ ತಾಯಿ," ಎಂದ ಲುಡ್ಗರ್, ಕೋಟೆಯ ಹೆಬ್ಬಾಗಿಲು ಕಾಯುವ ಮುದುಕ.

ಹೆಡ್ಡಾಗೆ ನಗು ತಡೆಯಲಾಗಲಿಲ್ಲ. "ಯಾಕಜ್ಜ, ನಿಮ್ಮ ಕಂದಕಕ್ಕೆ ಓದೋಕೂ ಬರುತ್ತಾ?"

"ಬರುತ್ತೆ. ಏಳುನೂರು ವರ್ಷದಿಂದ ಓದ್ತಾನೇ ಇದೆ."

ಆ ಕೋಟೆ ನಿಂತದ್ದೇ ವೆಸ್ಟ್‌ಫಾಲಿಯಾ ಸೀಮೆಯ ಕೆಸರಿನ ಮೇಲೆ. ಸುತ್ತ ಕಂದಕ, ಅದರ ಕಪ್ಪು ನೀರಿನಿಂದ ನೆಟ್ಟಗೆ ಎದ್ದ ಗೋಡೆ. ಮೂರು ಸಲ ಕಟ್ಟಿದರೂ ಮೂರು ಸಲವೂ ಹೂತುಹೋಯಿತಂತೆ. ಆಗ ಒಡೆಯ ಮಾಟಗಾತಿಯೊಬ್ಬಳನ್ನು ಕರೆಸಿದ. ಅವಳು ಓಕ್ ಮರದ ಕಂಬಗಳ ಮೇಲೆ ಸೆರೆಯಾಳುಗಳ ಹೆಸರು ಕೆತ್ತಿಸಿ ಒಂದೊಂದಾಗಿ ಕೆಸರಿಗೆ ಹೊಡೆಸಿದಳು. ಕಂಬ ಪೂರ್ತಿ ಇಳಿಯುವಷ್ಟರಲ್ಲಿ ಆ ಹೆಸರಿನವನ ಉಸಿರೂ ನಿಲ್ಲುತ್ತಿತ್ತು. ಗೋಡೆ ಮಾತ್ರ ಮತ್ತೆ ಅಲುಗಲಿಲ್ಲ.

ಇದು ಲುಡ್ಗರ್ ಹೇಳುವ ಚರಿತ್ರೆ. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿಸುವ ಹೆಡ್ಡಾಳ ಚರಿತ್ರೆಯಲ್ಲಿ ಮಾಟಗಾತಿಗೆ ಜಾಗವಿರಲಿಲ್ಲ. ನೀರಿನಡಿ ಗಾಳಿ ಸೋಕದ ಓಕ್ ಕೊಳೆಯುವುದಿಲ್ಲ, ಅಷ್ಟೆ. ಈ ಬೇಸಿಗೆಯಲ್ಲಿ ಕಂದಕದ ನೀರು ಬತ್ತಿ, ಗಾಳಿ ಸೋಕಿ ಒಂದು ಕಂಬ ಕೊಳೆತಿತ್ತು. ಅದನ್ನು ಬದಲಿಸಲು ಅವಳು ಬಡಗಿ ಗಂಡ ಫೋಲ್ಕರ್ಟ್‌ನನ್ನೇ ಕರೆತಂದಿದ್ದಳು.

ಬೆಳಿಗ್ಗೆಯೇ ಕೆಸರು ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು. ಫೋಲ್ಕರ್ಟ್ ಕಂಬ ಕೆತ್ತಿ ಮುಗಿಸಿದವನೇ ಉಳಿ ತಿರುಗಿಸಿ ತನ್ನ ಹೆಸರು ಹಾಕಿದ. ಆ ಸೀಮೆಯ ಬಡಗಿ ಗುರುತು ಹಾಕದೆ ಮರವನ್ನು ಕೈಬಿಡುವುದಿಲ್ಲ. ಅವನಪ್ಪನೂ ಹಾಗೆಯೇ, ಅಜ್ಜನೂ ಹಾಗೆಯೇ.

ಹೆಡ್ಡಾ ನೋಡಿದಳು. ತಡೆಯಲಿಲ್ಲ. "ಮುದುಕನಿಗೆ ಹೇಳ್ಬೇಡ ಮಾರಾಯ, ಎದೆ ಒಡ್ಕೊಂಡಾನು," ಎಂದು ನಕ್ಕಳು.

ಕಂಬ ಗುದ್ದುವ ಯಂತ್ರದ ಮೊದಲ ಏಟು ಬಿತ್ತು. ಫೋಲ್ಕರ್ಟ್ ಕೆಮ್ಮಿದ.

ಎರಡನೆಯ ಏಟು.

"ಹೆಡ್ಡಾ, ಕಾಲು ತಣ್ಣಗಾಗ್ತಿದೆ ಕಣೇ."

ಅವನು ನಿಂತದ್ದು ಒಣ ಹಲಗೆಯ ಮೇಲೆ. ಬೂಟಿನೊಳಗಿಂದ ಕಪ್ಪು ನೀರು ಉಕ್ಕುತ್ತಿತ್ತು. ಮೂರನೆಯ ಏಟಿಗೆ ಅದೇ ನೀರು ಬಾಯಿಂದ ಬಂತು. ಹೆಡ್ಡಾ ಕಿರುಚಿ ಯಂತ್ರ ನಿಲ್ಲಿಸಿದಳು. ಯಂತ್ರ ನಿಂತಿತು. ಕಂಬ ನಿಲ್ಲಲಿಲ್ಲ. ತನ್ನಷ್ಟಕ್ಕೆ ತಾನೇ ಇಳಿಯುತ್ತಿತ್ತು.

ಲುಡ್ಗರ್ ಏದುಸಿರು ಬಿಡುತ್ತ ಓಡಿಬಂದ. "ಕೆರೀರಿ ತಾಯಿ, ಹೆಸರು ಕೆರೀರಿ. ಹೆಸರು ಹೋಗುತ್ತೆ, ಆಳು ಉಳೀತಾನೆ."

ಹೆಡ್ಡಾ ಉಳಿ ಹಿಡಿದು ಕಂದಕಕ್ಕೆ ಹಾರಿದಳು. ಸೊಂಟದವರೆಗೆ ಕೆಸರು. ಮೊದಲ ಅಕ್ಷರ ಹೋಯಿತು. ಎರಡು. ಮೂರು. ಮೇಲೆ ಗಂಡನ ಗಂಟಲು ಗೊರಗೊರ ಅನ್ನುತ್ತಿತ್ತು. ಕೊನೆಯ ಅಕ್ಷರ ಕೆಸರಿನೊಳಕ್ಕೆ ಜಾರಿತು. ಅವಳು ಕೈ ತೂರಿಸಿದಳು. ಒಳಗೆ ಯಾರದೋ ತಣ್ಣನೆಯ ಬೆರಳುಗಳು ಅವಳ ಮಣಿಕಟ್ಟು ಹಿಡಿದವು. ಬಿಡಲಿಲ್ಲ. ಅವಳೂ ಬಿಡಲಿಲ್ಲ. ಕೆರೆದಳು. ಕೆರೆದಳು. ಕೆರೆದಳು.

ಕಂಬ ನಿಂತಿತು. ಬೆರಳುಗಳು ಸಡಿಲಿದವು.

ಹಲಗೆಯ ಮೇಲೆ ಅವನು ಕಾರಿಕೊಂಡು ದೀರ್ಘವಾಗಿ ಉಸಿರೆಳೆದ. ಬದುಕಿದ್ದ. ಹೆಡ್ಡಾ ತೆವಳಿ ಹತ್ತಿ ಅವನನ್ನು ತಬ್ಬಿ ಅತ್ತಳು. ಕರೆಯಲೆಂದು ಬಾಯಿ ತೆರೆದಳು.

ಏನೂ ಬರಲಿಲ್ಲ.

"ಅಜ್ಜ... ಇವನ ಹೆಸರೇನು?"

ಲುಡ್ಗರ್ ಟೋಪಿ ತೆಗೆದು ನೆಲ ನೋಡಿದ. "ನಂಗೂ ನೆನಪಿಲ್ಲ ತಾಯಿ."

ಅವಳು ಮದುವೆಯುಂಗುರ ಕಿತ್ತು ಒಳಬದಿ ನೋಡಿದಳು. ಮದುವೆಯ ತಾರೀಕು ಇತ್ತು. ಅದರ ಪಕ್ಕ ಹೆಸರಿದ್ದ ಜಾಗದಲ್ಲಿ ನುಣ್ಣನೆಯ ಚಿನ್ನ.

"ಹೆಡ್ಡಾ," ಎಂದ ಗಂಡ, ಮಗುವಿನಂತೆ ಅವಳ ತೋಳು ಹಿಡಿದು. "ಒಂದ್ಸಲ ನನ್ನ ಹೆಸರು ಹಿಡಿದು ಕರಿಯೇ."