ಒಂದೇ ಕಾಲುಚೀಲ ಸಾಕೆಂದವನು

"ಈ ಜೋಡಿ ಬಿಚ್ಚಿದೋರು ಯಾರು?"

ಗುಲ್ಜಾರಬೀಯ ದನಿಗೆ ಹೆಣಿಗೆ ಕೋಣೆಯ ಹುಡುಗಿಯರೆಲ್ಲ ಕಡ್ಡಿ ನಿಲ್ಲಿಸಿ ತಲೆ ಎತ್ತಿದರು. ಎತ್ತರದ ಕಿಟಕಿಯ ಆಚೆ ಒಬ್ಬ ಗಂಡಸು ನಿಂತಿದ್ದ. ಅವನ ಮುಖ, ಭುಜ ಮಾತ್ರ ಕಾಣುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಅವನು ಉಣ್ಣೆಯ ಕಾಲುಚೀಲ ಇಟ್ಟಿದ್ದ. ಒಂದೇ ಒಂದು!

"ನಾನೇ ಬಿಚ್ಚಿದ್ದು ಅಮ್ಮಾರ... ನನಗ ಒಂದು ಸಾಕು. ಇನ್ನೊಂದು ವಾಪಸ್ ಕೊಟ್ಟು ಹೋಗೋಣಂತ ಬಂದೆ."

ಸಾಕಂತೆ! ಗುಲ್ಜಾರಬೀಗೆ ಮೈಯೆಲ್ಲ ಉರಿಯಿತು.

ಅದು ಬಳ್ಳಾರಿಯಲ್ಲಿ ಬ್ರಿಟಿಷ್ ಸೈನ್ಯವಿದ್ದ ದಂಡಿನ ಕಡೆಯ ಹೆಣ್ಣುಮಕ್ಕಳ ಶಾಲೆ. ಇಂಗ್ಲೆಂಡಿನ ರಾಣಿಯ ಆಳ್ವಿಕೆಯ ಕಾಲ, ರೈಲು ಕೂಗಿದರೆ ಮಕ್ಕಳು ಇನ್ನೂ ಬೀದಿಗೆ ಓಡಿ ಬರುತ್ತಿದ್ದ ದಿನಗಳು. ಶನಿವಾರ ಪಾಠ ಮುಗಿದ ಮೇಲೆ ಹುಡುಗಿಯರು ಒಟ್ಟಿಗೆ ಕೂತು ಧರ್ಮಾಸ್ಪತ್ರೆಯ ಬಡ ರೋಗಿಗಳಿಗಾಗಿ ಉಣ್ಣೆ ನೂತು ಕುಲಾವಿ, ಕಾಲುಚೀಲ ಹೆಣೆಯುತ್ತಿದ್ದರು. ಶಾಲೆಯ ದೊರೆಸಾನಿ ಈ ಹೆಣಿಗೆ ಕೂಟ ಕಟ್ಟಿ, ಕಲಿಸುವ ಕೆಲಸವನ್ನು ಅಲ್ಲೇ ಓದಿದ ಗುಲ್ಜಾರಬೀಗೆ ಒಪ್ಪಿಸಿದ್ದಳು.

ಕಾಲುಚೀಲ ಒಂದರಿಂದೊಂದು ತಪ್ಪಿಹೋಗದಿರಲಿ ಎಂದು ಪ್ರತಿ ಜೋಡಿಯನ್ನೂ ತುದಿಯಲ್ಲಿ ಕೆಂಪು ದಾರದಿಂದ ಹೊಲಿದು ಸೇರಿಸುವುದು ಕೂಟದ ಪದ್ಧತಿ. ಆ ಹೊಲಿಗೆಯನ್ನು ಮಾತ್ರ ಅವಳು ಯಾರ ಕೈಗೂ ಕೊಡುತ್ತಿರಲಿಲ್ಲ. ಮದುವೆಯಾದ ವರ್ಷವೇ ಅವಳ ಗಂಡ ಕಾಲರಾಕ್ಕೆ ಬಲಿಯಾಗಿದ್ದ. ಗಂಡನ ಮನೆಯವರು ಅವಳನ್ನು ತಾಯಿಯ ತಂಗಿ ಚಿಗವ್ವನ ಮನೆಗೆ ಬಿಟ್ಟು ಹೋದರು, ಮತ್ತೆ ತಿರುಗಿ ನೋಡಲಿಲ್ಲ. ಜೋಡಿ ಒಡೆದ ಮೇಲೆ ಉಳಿದದ್ದು ಯಾರಿಗೂ ಬೇಡ ಎಂಬುದು ಅವಳಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

"ಒಂದು ಕಾಲಿಗೆ ಚಳಿ ಆಗತೈತಿ, ಇನ್ನೊಂದಕ್ಕ ಆಗಂಗಿಲ್ಲೇನು?" ಅವಳು ಕಿಟಕಿಯ ಹತ್ತಿರ ಬಂದಳು. "ಈ ಹುಡುಗ್ಯಾರು ಕಣ್ಣು ನೋಯಿಸ್ಕೊಂಡು ಹೆಣದದ್ದು ನಿಮ್ಮ ಚೇಷ್ಟೆಗಲ್ಲ. ಧರ್ಮಕ್ಕ ಬಂದದ್ದಂದ್ರ ಅಷ್ಟು ಅಗ್ಗ ಆತೇನು?"

"ಹಂಗಲ್ರಿ ಅಮ್ಮಾರ, ಆಸ್ಪತ್ರ್ಯಾಗ ಜಡೆಪ್ಪ ಅಂತ..."

"ಯಾರ ಪುರಾಣಾನೂ ಬ್ಯಾಡ. ನಡೀರಿ ಇಲ್ಲಿಂದ!"

ಹುಡುಗಿಯರು ಕಿಸಕ್ಕೆಂದರು. ಅವನು ಕಾಲುಚೀಲವನ್ನು ಕಟ್ಟೆಯ ಮೇಲೆಯೇ ಬಿಟ್ಟ. "ತಪ್ಪಾತ್ರಿ" ಎಂದು ಹೊರಟ. ಕಲ್ಲುಹಾಸಿನ ಮೇಲೆ ಊರುಗೋಲಿನ ಸದ್ದು ಕೇಳಿಸಿತು. ಟಕ್... ಟಕ್...

ಆ ಸದ್ದಿಗೆ ಗುಲ್ಜಾರಬೀ ತಟ್ಟನೆ ತಿರುಗಿದಳು. ಬಾಗಿಲಿಗೆ ಓಡಿದಳು. ಬೇಲಿಯ ತಿರುವಿನಲ್ಲಿ ಅವನ ಬೆನ್ನು ಮರೆಯಾಗುತ್ತಿತ್ತು. ಧೋತರದ ಕೆಳಗೆ ಇದ್ದದ್ದು ಒಂದೇ ಕಾಲು.

"ಅಯ್ಯೋ ನನ್ನ ಬಾಯಿಗೆ ಬೆಂಕಿ ಬೀಳ..."

"ಆತ ಕುರುಗೋಡಿನ ಹೈದರಸಾಬ. ಹತ್ತಿ ಹಿಂಜೋ ಪಿಂಜಾರ," ಎಂದಳು ಅಂಗಳ ಗುಡಿಸುತ್ತಿದ್ದ ಸುಂಕಮ್ಮ. ಅವಳ ತವರೂ ಕುರುಗೋಡೇ. "ಹತ್ತಿ ಬಂಡಿ ಮಗುಚಿ ಕಾಲಿನ ಮ್ಯಾಲೆ ಬಿತ್ತು. ಆಸ್ಪತ್ರ್ಯಾಗ ಕಾಲು ತಗದ್ರು. ಅವನ ಬಾಜೂಕ ಮಲಗಿದ್ದ ಜಡೆಪ್ಪಗೂ ಒಂದಾ ಕಾಲು. ಅವಗ ಕಾಲುಚೀಲ ಸಿಕ್ಕಿರಲಿಲ್ಲ, ಇಲ್ಲಿ ಕೇಳಿ ಕೊಡಸೋಣಂತ ಬಂದಿದ್ದ ನೋಡವ್ವಾ."

ಇಷ್ಟು ದಿನ ಸಾಲುಸಾಲಾಗಿ ಜೋಡಿ ಹೊಲಿದರೂ ಒಂದೇ ಕಾಲಿನವರಿರುತ್ತಾರೆ ಎಂಬುದು ಕೂಟದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆದವನಿಗೆ ಸಿಕ್ಕ ಬಹುಮಾನ ಬೈಗುಳ!

ಅವಳು ಆ ಕಾಲುಚೀಲವನ್ನು ತಾನೇ ಜಡೆಪ್ಪನಿಗೆ ಮುಟ್ಟಿಸಿದಳು. ಮುಂದಿನ ವಾರ ಹಿಂಜದ ಉಣ್ಣೆಯ ಗಂಟು ಹೊತ್ತು, ಸುಂಕಮ್ಮನ ಜೊತೆ ಬಂಡಿ ಹತ್ತಿದಳು. ಕೊಳಗಲ್ಲು ದಾಟಿ ಕುರುಗೋಡು ಮುಟ್ಟುವವರೆಗೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದ್ದೇ ಮಾಡಿದ್ದು. ಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವನು ಕೂತು ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದ. ಅವಳನ್ನು ಕಂಡು ಕೈ ನಿಲ್ಲಿಸಿದ. ಅವಳಿಗೆ ಬಾಯಿಪಾಠವೆಲ್ಲ ಮರೆತುಹೋಯಿತು.

"ಅವತ್ತು ನಾನು... ನೋಡಲಿಲ್ಲರಿ."

"ನೋಡಲಿಲ್ಲ ಅಂತನಾ ಅಷ್ಟು ಚಂದ ಬೈದ್ರಿ," ಎಂದು ಅವನು ನಕ್ಕ. "ಕಾಲು ಹೋದಾಗಿಂದ ಎಲ್ಲಾರೂ ಅಯ್ಯೋ ಪಾಪ ಅಂತಾರ. ಬೈದವರು ನೀವೊಬ್ರಾ."

ಅವಳಿಗೂ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೋ!

ಅಂದಿನಿಂದ ಕೂಟದ ಉಣ್ಣೆಯೆಲ್ಲ ಅವನ ಕೈಯಲ್ಲೇ ಹಿಂಜಿ ಬರತೊಡಗಿತು. ಶನಿವಾರ ಬಳ್ಳಾರಿಗೆ ಬರುವ ಬಂಡಿ ಹತ್ತಿ ಅವನೇ ತರುತ್ತಿದ್ದ. ಕಿಟಕಿಯ ಆಚೆ ಅವನು, ಈಚೆ ಅವಳು. ಮಾತು ಹೆಚ್ಚಿಲ್ಲ. ಉಣ್ಣೆ ಒರಟಾಯಿತೇ, ಜಡೆಪ್ಪ ಹೇಗಿದ್ದಾನೆ, ಇಷ್ಟೇ. ಆದರೆ ಅಷ್ಟು ಮಾತಿನ ಮೇಲೆಯೇ ಅವಳು ವಾರವಿಡೀ ಬದುಕುತ್ತಿದ್ದಳು. ಚಿಗವ್ವನ ಮನೆಯ ಹಿತ್ತಲ ಕೋಣೆಯಲ್ಲಿ ಅವಳನ್ನು ಉಂಡೆಯಾ ಎಂದು ಕೇಳುವವರೂ ಇರಲಿಲ್ಲ. ಸಂಜೆಯಾದರೆ ಗೋಡೆಯ ಆಚೆ ಚಿಗವ್ವನ ಮಕ್ಕಳು, ಸೊಸೆಯಂದಿರು ನಗುವುದು ಕೇಳುತ್ತಿತ್ತು. ಅವಳು ಹೆಣೆಯುತ್ತ ಕೂರುತ್ತಿದ್ದಳು. ಊರಿನ ಯಾರ್ಯಾರ ಕಾಲನ್ನೋ ಬೆಚ್ಚಗಿಡುವವಳ ಕೋಣೆ ಮಾತ್ರ ತಣ್ಣಗೇ ಇತ್ತು.

ಒಂದು ದಿನ ಚಿಗವ್ವ ಶಾಹಜಾನಬಿ ಬಾಗಿಲಲ್ಲಿ ನಿಂತು, "ಸಿರುಗುಪ್ಪದಿಂದ ಮಾತು ಬಂದೈತಿ," ಎಂದಳು. "ಅಕ್ಕಿ ವ್ಯಾಪಾರದ ಕರೀಮಸಾಬ್. ಹೆಂಡ್ತಿ ತೀರ್ಕೊಂಡಾಳ. ಮಕ್ಕಳನ್ನ ನೋಡ್ಕೊಳ್ಳಾಕ ಒಬ್ಬಾಕಿ ಬೇಕಂತ."

ಮಕ್ಕಳನ್ನು ನೋಡಿಕೊಳ್ಳಲು ಒಬ್ಬಾಕಿ. ಅವಳೇ ಬೇಕು ಎಂದು ಅಲ್ಲೂ ಯಾರೂ ಕೇಳಿರಲಿಲ್ಲ.

ಶನಿವಾರ ಅವಳು ಕಿಟಕಿಯಲ್ಲಿ ಈ ಸುದ್ದಿ ಹೇಳಿದಳು. ಹೇಳಿ, ಕಾದಳು. 'ಬ್ಯಾಡ ಅನ್ರಿ... ಒಂದು ಸಲ ಬ್ಯಾಡ ಅನ್ರಿ!'

ಹೈದರಸಾಬ ಉಣ್ಣೆಯ ಗಂಟನ್ನು ಕಟ್ಟೆಯ ಮೇಲಿಟ್ಟ. "ಒಳ್ಳೆ ಮನಿ ಅಂತ ಕೇಳೀನಿ. ಹೋಗ್ರಿ. ಸುಖವಾಗಿರ್ರಿ."

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಉಣ್ಣೆಯನ್ನು ಬಂಡಿಯವನ ಕೈಯಲ್ಲಿ ಕಳಿಸಿದ್ದ. ಅಷ್ಟೇನಾ? ಅವನಿಗೆ ನಾನು ಉಣ್ಣೆಯ ಗಿರಾಕಿ ಮಾತ್ರವಾ? ಗುಲ್ಜಾರಬೀ ಹೆಣೆದದ್ದನ್ನು ಬಿಚ್ಚಿದಳು, ಮತ್ತೆ ಹೆಣೆದಳು. ಹುಡುಗಿಯರು ಅವಳ ಮುಖ ನೋಡಿ ನಗುವುದನ್ನೇ ಬಿಟ್ಟರು.

ಸುಂಕಮ್ಮನಿಗೆ ತಡೆಯಲಾಗಲಿಲ್ಲ. "ಊರಿಗೆ ಹೋಗಿದ್ದೆ, ಕೇಳಿದೆ ಅವನ್ನ. 'ಆಕಿ ಎಲ್ಲಾರಿಗೂ ಧರ್ಮ ಮಾಡಾಕಿ. ನನ್ನ ಮ್ಯಾಲೂ ಕರುಣೆ ಬಂದಿರಬೇಕು. ಅದನ್ನ ಪ್ರೀತಿ ಅಂತ ತಿಳ್ಕೊಂಡು ಆಕಿ ಬಾಳು ಹಾಳ್ಮಾಡಲೇನು?' ಅಂದ."

ಗುಲ್ಜಾರಬೀ ಕಡ್ಡಿ ಕೆಳಗಿಟ್ಟಳು. ಸಿರುಗುಪ್ಪದವರು ಮಾತು ಗಟ್ಟಿ ಮಾಡಿಕೊಳ್ಳಲು ನಾಳೆ ಬರುವವರಿದ್ದರು. ಸುಂಕಮ್ಮನ ಕೈ ಹಿಡಿದು ಆಗಲೇ ಬಂಡಿ ಹತ್ತಿದಳು. ಇಂದು ಹೇಳದಿದ್ದರೆ ಇನ್ನು ಹೇಳುವ ದಿನವೇ ಇಲ್ಲ.

ಕುರುಗೋಡಿನ ಗುಡ್ಡಕ್ಕೆ ಇಳಿಬಿಸಿಲು ಬಿದ್ದಿತ್ತು. ಅವನು ಹತ್ತಿಯ ನಡುವೆ ಕೂತಿದ್ದ. ಮೀಸೆ, ಹುಬ್ಬೆಲ್ಲ ಹತ್ತಿ ಹಿಡಿದು ಬೆಳ್ಳಗೆ. ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು.

"ನನಗ ನಿಮ್ಮ ಮ್ಯಾಲೆ ಕರುಣೆ ಅಂತ ಯಾರು ಹೇಳಿದ್ರು?"

ಅವನು ಹಿಂಜುವ ಬಿಲ್ಲು ಕೆಳಗಿಟ್ಟ. "ಗುಲ್ಜಾರಬೀ..."

"ಇವತ್ತು ನಾನು ಧರ್ಮ ಮಾಡಾಕ ಬಂದಿಲ್ಲ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಬೇಡಾಕ ಬಂದೀನಿ."

"ನನ್ನ ಹತ್ರ ಏನೈತ್ರಿ ಕೊಡಾಕ?"

"ಸಂಜಿ ಆದ್ರ ನನ್ನ ಹತ್ರ ಮಾತಾಡೋರು ಒಬ್ಬರೂ ಇಲ್ಲ. ಅನ್ನ ಐತಿ, ಸೂರು ಐತಿ... ಒಂದು ಮಾತಿಲ್ಲ. ನೀವು ವಾರಕ್ಕೊಮ್ಮೆ ಮಾತಾಡಿದ್ರಿ. ಅದೂ ನಿಲ್ಲಿಸಿಬಿಟ್ರಿ!" ಅವಳ ಕಣ್ಣು ತುಂಬಿ ಹರಿಯಿತು. "ನಿಮ್ಮ ಕಾಲು ನೋಡಿ ಬಂದಿಲ್ಲರಿ. ನೀವು ಇಲ್ಲದ ಕಿಟಕಿ ನೋಡಾಕ ಆಗಲಿಲ್ಲ, ಅದಕ್ಕ ಬಂದೀನಿ. ಕೊಡಂಗಿಲ್ಲ ಅಂದ್ರ ಹೇಳ್ರಿ, ಹೋಗ್ತೀನಿ."

ಹೈದರಸಾಬನ ಮೀಸೆಯ ಹತ್ತಿಯೂ ಒದ್ದೆಯಾಗಿತ್ತು.

"ನಾನೂ ಒಬ್ಬನಾ ಕುಂತು ಉಣ್ತೀನ್ರಿ, ದಿನಾ." ಅವನು ಹತ್ತಿಯನ್ನು ಒತ್ತಟ್ಟಿಗೆ ಸರಿಸಿ ಚಾಪೆಯ ಮೇಲೆ ಅವಳಿಗೆ ಜಾಗ ಮಾಡಿದ. "ನಾಳೆ ನಾನಾ ಬಂದು ನಿಮ್ಮ ಚಿಗವ್ವಗ ಕೇಳ್ತೀನಿ. ಸಿರುಗುಪ್ಪದವರ ಎದುರಿಗೇ ಕೇಳ್ತೀನಿ."

ಅವಳು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಆದ್ರ ಒಂದು ಮಾತು ಮೊದಲಾ ಹೇಳ್ತೀನಿ," ಎಂದ ಅವನು. "ನನ್ನ ಅಡಿಗ್ಯಾಗ ಉಪ್ಪು ಜಾಸ್ತಿ."

"ಇರಲಿ ಬಿಡ್ರಿ," ಎಂದಳು ಗುಲ್ಜಾರಬೀ, ಅಳುವಿನ ನಡುವೆ ನಗುತ್ತ. "ದಿನಾ ಬೈಯಾಕ ನನಗೂ ಒಬ್ರು ಬೇಕಲ್ಲ."